ನಿಂಬೆಹಣ್ಣಿನ ಮೇಲೆ ಹತ್ತು ಗಜ

ಆಡುವವನಿಗಿಂತ ನೋಡುವವನಿಗೇ ಆಟ ಚೆನ್ನಾಗಿ ಗೊತ್ತಿರುತ್ತದೆಂದು ನಾನು ಬಹಳ ಕಾಲ ನಂಬಿದ್ದೆ. ಸೋಫಾದಲ್ಲಿ ಕೂತು ಚಕ್ಕುಲಿ ಮುರಿಯುತ್ತ, "ಎಡಕ್ಕೆ ಓಡೋ ದಡ್ಡ!" ಎಂದು ಟೀವಿಗೆ ಬೈಯದ ಭಾನುವಾರವೇ ನನಗಿರಲಿಲ್ಲ. ಇಂಥವನಿಗೆ ದೇವರು ಅಮೆರಿಕದ ಅರೋರಾದಲ್ಲಿ ಎದುರುಮನೆಗೇ ಒಬ್ಬ ನಿಜವಾದ ಓಟಗಾರನನ್ನು ತಂದಿಟ್ಟ.

ಹೊರೇಸ್ ಹುಟ್ಟಿದ್ದು ಡೆಟ್ರಾಯಿಟ್‌ನಲ್ಲಿ. ಅವರಪ್ಪ ಕಾರ್ಖಾನೆಯಲ್ಲಿ ಆಯುಸ್ಸೆಲ್ಲ ಕಾರುಗಳಿಗೆ ಬ್ರೇಕ್ ಕೂರಿಸಿದವರು; ಮಗನಿಗೆ ಮಾತ್ರ ಬ್ರೇಕೇ ಇರಲಿಲ್ಲ. ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಕೆಡವಲು ನುಗ್ಗುವ ದಾಂಡಿಗರ ಸಂದಿಯಲ್ಲಿ ನುಸುಳಿ ಓಡುವುದು ಅವರ ಕಸುಬು. ಒಂದೇ ಸೀಸನ್ನಿನಲ್ಲಿ ಅವರಷ್ಟು ಗಜ ಓಡಿದವರು ಆಗ ಯಾರೂ ಇರಲಿಲ್ಲ. ಆದರೆ ಆ ದಾಖಲೆಯ ಮಾತೆತ್ತಿದರೆ ಅವರು ಹೇಳುವುದು ಗೆಲುವಿನ ಗೆರೆಗೆ ಎರಡೇ ಗಜ ಇರುವಾಗ ಚೆಂಡು ಜಾರಿಹೋದ ಕೊನೆಯ ಪಂದ್ಯದ ಕಥೆಯನ್ನೇ. "ಓಡೋದು ಆಮೇಲೆ. ಮೊದಲು ಚೆಂಡು ಬಿಡಬಾರದು." ಈಗ ಮೂರು ಆಪರೇಷನ್ ಆದ ಮಂಡಿ, ರಸ್ತೆಯಂಚಿನ ಮೇಲ್‌ಬಾಕ್ಸ್‌ವರೆಗೆ ಬರಲೂ ಕೋಲು ಬೇಕು.

ಕಳೆದ ತಿಂಗಳು ನಾವೊಂದು ಕಾರು ಕೊಂಡೆವು. ಸೆಕೆಂಡ್ ಹ್ಯಾಂಡ್. ಆದರೂ ಹುಬ್ಬಳ್ಳಿಯಿಂದ ಬಂದಿದ್ದ ನಮ್ಮತ್ತೆ, "ಯಾರ ದೃಷ್ಟಿ ಬಿದ್ದದೋ ಏನೋ, ಪೂಜಿ ಆಗದ ಗಾಡಿ ಹತ್ತಂಗಿಲ್ಲ" ಎಂದರು. ಮನೆಯಿಂದ ರಸ್ತೆಗಿಳಿಯುವ ಇಳಿಜಾರಿನ ಡ್ರೈವ್‌ವೇಯಲ್ಲಿ ಬಾನೆಟ್ಟಿಗೆ ಕುಂಕುಮ, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಅತ್ತೆ ಕೆಳಗೆ, ಕಾರಿಗೆ ನೇರ ಎದುರಾಗಿ ಆರತಿ ಹಿಡಿದು ನಿಂತರು. ಹೊರೇಸ್ ಕೋಲೂರಿಕೊಂಡು ನೋಡಲು ಬಂದರು. ನಾನು ಒಂದಡಿ ಮುಂದೆ ಬಿಟ್ಟು ನಿಲ್ಲಿಸಿದೆ.

"ಅಳಿಯಂದ್ರ, ಎಡಗಡೀದು ಒಡೆದಂಗ ಕಾಣವಲ್ದು, ನೋಡ್ರಿ!" ಎಂದು ಹೇಳಿ ಅತ್ತೆ ಕಣ್ಣು ಮುಚ್ಚಿ ಮಂತ್ರ ಹಿಡಿದರು.

ನಾನು ಎಂಜಿನಿಯರ್. ಇಳಿದು ಬಗ್ಗಿ ನೋಡಿದೆ. ಗೇರು ಮಾತ್ರ ಡ್ರೈವ್‌ನಲ್ಲೇ ಇತ್ತು.

ಕಾರು ಸದ್ದಿಲ್ಲದೆ ಹೊರಟಿತು. ಹತ್ತು ಗಜ ಕೆಳಗೆ ಅತ್ತೆ, ಮುಚ್ಚಿದ ಕಣ್ಣು, ಉರಿಯುವ ಕರ್ಪೂರ. ಕೋಲು ರಸ್ತೆಗೆ ಬಿದ್ದ ಸದ್ದು. ಎಪ್ಪತ್ತರ ಮುದುಕರು ಓಡಿದರೆಂದು ಹೇಳಲಾರೆ, ಚಿಮ್ಮಿದರು! ಅತ್ತೆಯನ್ನು ಕಂಕುಳಿಗೆ ಅವುಚಿ, ಕಾರಿಗೂ ಬೇಲಿಗೂ ನಡುವಿನ ಸಂದಿಯಲ್ಲಿ ನುಸುಳಿ, ಹುಲ್ಲಿನ ಮೇಲೆ ಉರುಳಿದರು. ಕಾರು ನಮ್ಮದೇ ಮೇಲ್‌ಬಾಕ್ಸ್ ಕಂಬಕ್ಕೆ ಗುದ್ದಿ ನಿಂತಿತು.

"ಏನಪಾ ಇದು, ಹೇಳದ ಕೇಳದ ಎತ್ಕೊಂಡು ಹೋಗೂದು!" ಎಂದು ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ಎದ್ದರು. ಆಮೇಲೆ ಕಾರು ನಿಂತ ಜಾಗ ನೋಡಿ ಮತ್ತೆ ಕೂತುಬಿಟ್ಟರು.

ನಾನೂ ಕಾರಿನ ಹಿಂದೆ ಓಡಿದೆ ಎಂದು ವಾರವಿಡೀ ಎಲ್ಲರಿಗೂ ಹೇಳಿದೆ. ನನ್ನ ನೆನಪೂ ಹಾಗೇ ಇತ್ತು. ಆಮೇಲೆ ಹೆಂಡತಿ ನಮ್ಮ ಬಾಗಿಲ ಕ್ಯಾಮೆರಾದ ವಿಡಿಯೋ ಹಾಕಿದಳು. ಕಾರು ಹೋಯಿತು, ಹೊರೇಸ್ ಹಾರಿದರು, ಅತ್ತೆ ಉಳಿದರು. ಅಷ್ಟೂ ಹೊತ್ತು ಒಬ್ಬ ಮನುಷ್ಯ ನಿಂತಲ್ಲೇ ನಿಂತು, ಅಪ್ಪಚ್ಚಿಯಾದ ನಿಂಬೆಹಣ್ಣನ್ನು ಎತ್ತಿ ಹಿಡಿದು, "ಒಡೆದಿದೆ ಅತ್ತೆ, ಒಡೆದಿದೆ!" ಎಂದು ಕೂಗುತ್ತಿದ್ದ.

ಹೊರೇಸ್ ಅದನ್ನು ಎರಡು ಸಲ ಹಾಕಿಸಿ ನೋಡಿದರು. ಆಮೇಲೆ ನನ್ನ ಬೆನ್ನು ತಟ್ಟಿದರು.

"ಏನೇ ಹೇಳಿ, ಇವನು ಕೊನೇವರೆಗೂ ಕೈಯಲ್ಲಿರೋದನ್ನ ಬಿಡಲಿಲ್ಲ."