ಹೊಗೆಗೊಂದು ಸೊಂಡಿಲು

ಗ್ಯಾರೇಜ್ ಇಟ್ಟವನಿಗೆ ನಗು ತಡವಾಗಿ ಬರುತ್ತೆ. ಘಟನೆ ನಡೆಯೋ ಹೊತ್ತಲ್ಲಿ ಓಡೋದೇ ಕೆಲಸ. ರಾತ್ರಿ ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ ನಗು ಬಂದು ಅನ್ನ ನೆತ್ತಿಗೇರುತ್ತೆ. ಕಾಮಾಕ್ಷಿಪಾಳ್ಯದ ನನ್ನ ಗ್ಯಾರೇಜಲ್ಲಿ ಇಂಥದ್ದು ನಡೀತಾನೇ ಇರುತ್ತೆ. ಜಾಗ ಚಿಕ್ಕದು: ಮುಂದೆ ಶಟರ್, ಹಿಂದೆ ಒಂದು ಕಿಟಕಿ, ಮಧ್ಯೆ ಹೊಗೆ. ಆ ಹೊಗೆ ಎಳೆಯೋಕೆ ಮಷಿನ್ ಹುಡುಕಿದ ಕಾಲದಲ್ಲಿ ಆದದ್ದನ್ನ ಮಾತ್ರ ಹೇಳ್ತೀನಿ.

ಮಳೆ ಬಂದ ದಿನ

ಎರಚಲು ಹೊಡೆಯುತ್ತೆ ಅಂತ ಶಟರ್ ಮುಕ್ಕಾಲು ಇಳಿಸಿದ್ದೆ. ಒಳಗೆ ಒಂದು ಡೀಸೆಲ್ ಕಾರು ಸ್ಟಾರ್ಟಲ್ಲೇ ಇತ್ತು. ನಮ್ಮ ಮೇಸ್ತ್ರಿ ಬಾನೆಟ್ ಒಳಗೆ ತಲೆ ಹಾಕಿ ಇಂಜಿನ್ ಸದ್ದು ಕೇಳ್ತಿದ್ದರು. ನಾನು ಫೋನಲ್ಲಿದ್ದೆ.

"ಮೇಸ್ತ್ರಿ, ಆಯ್ತಾ?" ಅಂದೆ.

ತಿರುಗಿ ನೋಡಿದರೆ ಟೈರಿಗೆ ಒರಗಿ ಕೂತಿದ್ದಾರೆ. ತಲೆ ವಾಲಿದೆ. ಸ್ಪ್ಯಾನರ್ ಕೈಯಿಂದ ಜಾರಿದೆ. ಗಾಡಿ ಆಫ್ ಮಾಡಿ, ಶಟರ್ ಎತ್ತಿ, ಕಂಕುಳಿಗೆ ಕೈ ಹಾಕಿ ಫುಟ್‌ಪಾತಿಗೆ ಎಳೆದೆ. ಮಳೆ ಮುಖಕ್ಕೆ ಹೊಡೀತಾ ಇದ್ದರೂ ಕಣ್ಣು ಬಿಡ್ತಿಲ್ಲ. ಕೆನ್ನೆ ತಟ್ಟಿದೆ, ಕೂಗಿದೆ, ಒಂದು ಆಟೊನೂ ನಿಲ್ಲಿಸಿದೆ. ಎತ್ತಿ ಕೂರಿಸೋ ಹೊತ್ತಿಗೆ ಅವರ ತುಟಿ ಅಲುಗಾಡಿತು. ಮನೆಯವರಿಗೆ ಏನೋ ಹೇಳೋದಿದೆ ಅಂತ ಕಿವಿ ಹತ್ತಿರ ಒಯ್ದೆ.

"ಸಾರ್, ಮೂರನೇ ಸಿಲಿಂಡರು ಮಿಸ್ ಹೊಡೀತಿದೆ" ಅಂದರು.

ಕಿಟಕಿ ದಾರಿ

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದ ಡಾಕ್ಟ್ರು, "ಕಣ್ಣಿಗೆ ಕಾಣೋ ಹೊಗೆಗಿಂತ, ಕಾಣದೇ ಇರೋ ಗಾಳಿನೇ ವಿಷ ಕಣ್ರೀ" ಅಂತ ಬೈದು ಕಳಿಸಿದರು. ಮೇಸ್ತ್ರಿಯ ಹೆಂಡತಿ ಬೈಯಲಿಲ್ಲ. ಅದೇ ನನಗೆ ಹೆಚ್ಚು ಭಯ. ಗಾರ್ಮೆಂಟ್ಸಲ್ಲಿ ಕೆಲಸ ಮಾಡೋ ಹೆಂಗಸು, ನಾನು ಅಕ್ಕ ಅಂತೀನಿ. ಶಟರ್ ಮುಂದೆ ನಿಂತು ಒಂದೇ ಮಾತು: "ಅಣ್ಣ, ಹೊಗೆಗೆ ದಾರಿ ಆಗೋವರೆಗೂ ನಮ್ಮನೆಯವರು ಒಳಗೆ ಕಾಲಿಡಲ್ಲ."

ಅದಕ್ಕೇ ನಾನೇ ದಾರಿ ಮಾಡಲು ಹೊರಟೆ. ಒಂದು ದಪ್ಪ ಪ್ಲಾಸ್ಟಿಕ್ ಪೈಪ್ ತಂದು ಕಾರಿನ ಸೈಲೆನ್ಸರಿಗೆ ಸಿಕ್ಕಿಸಿ, ಇನ್ನೊಂದು ತುದಿ ಕಿಟಕಿಯಿಂದ ಹಿಂದಿನ ಓಣಿಗೆ ಬಿಟ್ಟು, ಗಾಡಿ ಸ್ಟಾರ್ಟ್ ಮಾಡಿದೆ. ಸ್ವಲ್ಪ ಹೊತ್ತಿಗೆ ಓಣಿಯಲ್ಲಿ "ಬೆಂಕಿ! ಬೆಂಕಿ!" ಅಂತ ಕೂಗು. ನಿಜಕ್ಕೂ ಸುಟ್ಟ ವಾಸನೆ! ನೋಡಿದರೆ ಬಿಸಿಗೆ ಪೈಪ್ ಕರಗಿ ಸೈಲೆನ್ಸರಿಗೆ ಅಂಟ್ಕೊಂಡಿದೆ. ಗಾಡಿ ಆಫ್ ಮಾಡಿ, ಗಾಬರಿಯಲ್ಲಿ ಕಿಟಕಿ ಹತ್ತಿರ ಓಡಿ "ಏನಿಲ್ಲ, ಏನಿಲ್ಲ" ಅನ್ನುವಷ್ಟರಲ್ಲಿ ಒಂದು ಬಕೆಟ್ ನೀರು ನನ್ನ ಮುಖಕ್ಕೆ. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಇನ್ನೊಂದು.

ಹಿಂದಿನ ಮನೆ ಆಂಟಿ ಏದುಸಿರು ಬಿಡ್ತಾ ನಿಂತಿದ್ದರು. "ಬೆಂಕಿ ಆರಿತೇನಪ್ಪಾ?"

"ಬೆಂಕಿ ಇಲ್ಲ ಆಂಟಿ, ಕಾರಿನ ಹೊಗೆ."

ಆಂಟಿ ನನ್ನ ನೋಡಿದರು, ಬಕೆಟ್ ನೋಡಿದರು. "ಇವತ್ತು ನಲ್ಲಿ ಬಂದಿಲ್ಲ. ಎರಡೂ ತುಂಬಿಸಿಕೊಡು."

ಆಲ್ಮೋಸ್ಟ್

ಇದಾದ ಮೇಲೆ ಅಕ್ಕ, "ಇನ್ನು ನಾನು ನೋಡದೆ ಯಾವ ಮಷಿನ್ನೂ ತಗೋಬೇಡಿ" ಅಂದರು. ಡೆಮೊಗೆ ಒಬ್ಬ ಸೇಲ್ಸ್‌ಮನ್ ಬಂದ. ಸೂಟ್‌ಕೇಸಿನಷ್ಟು ಮಷಿನ್. ಹೊಗೆ ಒಂದು ಕಡೆಯಿಂದ ಒಳಗೆ, ಫಿಲ್ಟರ್ ಆಗಿ ಇನ್ನೊಂದು ಕಡೆಯಿಂದ ಮತ್ತೆ ಗ್ಯಾರೇಜಿಗೇ.

"ಪೈಪ್ ಹೊರಗೆ ಬಿಡೋ ತಲೆನೋವೇ ಇಲ್ಲ ಸಾರ್. ಬೆಳಗ್ಗೆ ಮಲ್ಲತ್ತಹಳ್ಳಿ ಕೆರೆ ಹತ್ರ ವಾಕ್ ಮಾಡ್ದಂಗಿರುತ್ತೆ."

ಅಕ್ಕ ಕೈಕಟ್ಟಿ ನಿಂತಿದ್ದರು. "ಮಸಿ ತಡೆಯುತ್ತೆ, ಸರಿ. ಕಾಣದೇ ಇರೋ ವಿಷ?"

"ಅದೂ ಆಲ್ಮೋಸ್ಟ್ ಹೋಗುತ್ತೆ, ಅಕ್ಕ."

ಅಕ್ಕ ಒಂದು ಸ್ಟೂಲ್ ಎಳೆದು ಮಷಿನ್ ಪಕ್ಕ ಇಟ್ಟರು. "ಕೂತ್ಕೊಳ್ಳಪ್ಪ. ಅಣ್ಣ, ಗಾಡಿ ಸ್ಟಾರ್ಟ್ ಮಾಡಿ. ಶಟರ್ ನಾನು ಎಳೀತೀನಿ."

ಆತ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಅಕ್ಕನ ಕೈ ಶಟರ್ ಮೇಲೆ ಬಿತ್ತು. ಕರ್ರ್ ಅಂತ ಸದ್ದಾಯಿತು. ಅಷ್ಟೇ, ಮಷಿನ್ ಅವನ ಕೈಲಿತ್ತು.

"ರಾಜರಾಜೇಶ್ವರಿನಗರದಲ್ಲಿ ಇನ್ನೊಂದು ಡೆಮೊ ಇದೆ ಸಾರ್. ಅಲ್ಲಿ ಓಪನ್ ಶೆಡ್ಡು."

ಸೊಂಡಿಲು

ಕೊನೆಗೆ ತಗೊಂಡಿದ್ದು ಚಕ್ರದ ಮೇಲೆ ಓಡೋ ಬ್ಲೋವರ್. ಬಿಸಿ ತಡೆಯೋ, ಆನೆ ಸೊಂಡಿಲಿನಂಥ ಉದ್ದನೆ ಪೈಪು, ಸೈಲೆನ್ಸರಿಗೆ ಹಿಡಿಸೋಕೆ ಕ್ಲ್ಯಾಂಪು. ಎಳೆದ ಹೊಗೆ ಗೋಡೆ ಪೈಪಿನ ಮೂಲಕ ತಾರಸಿ ದಾಟಿ ಮೇಲೆ ಹೋಗುತ್ತೆ. ಅಕ್ಕ ಹೊಲಿಗೆ ನೋಡಿದಂಗೆ ಎಲ್ಲಾ ಎಳೆದೆಳೆದು ನೋಡಿ "ಹೂಂ" ಅಂದರು. ಮೇಸ್ತ್ರಿ ಒಳಗೆ ಬಂದರು.

ಅವತ್ತೇ ಬಂದ ಮೊದಲ ಗಾಡಿ ಬಸವೇಶ್ವರನಗರದ ಒಬ್ಬ ರಿಟೈರ್ಡ್ ಆಫೀಸರದು. ಕೆಲಸ ಮುಗೀತು, ಇಂಜಿನ್ ಆಫ್ ಆಯಿತು. ಮೇಸ್ತ್ರಿ ಬ್ಲೋವರಿನ ವೈರು ಕಿತ್ತು ಸುತ್ತಿಟ್ಟು, ಗೋಡೆ ಪೈಪ್ ಬಿಚ್ಚಿ, ಕ್ಲ್ಯಾಂಪ್ ತೆಗೆಯೋ ಮೊದಲು ಕೈ ತೊಳೆಯೋಕೆ ಹೋದರು. ಸಾಹೇಬರಿಗೆ ಅವಸರ. ಕೀ ಗಾಡಿಯಲ್ಲೇ ಇತ್ತು. ಕೂತರು, ಹೊರಟರು.

ನಾನು ನೋಡ್ತಾ ಇದ್ದಂಗೇ ಪೈಪು ನೆಟ್ಟಗಾಯಿತು. ಬ್ಲೋವರ್ ಒಂದು ಸಲ ಮುಗ್ಗರಿಸಿ, ಗಡಗಡ ಅಂತ ಹಿಂದೆ ಹೊರಟಿತು.

"ಸಾರ್! ನಿಲ್ಸಿ ಸಾರ್!"

ಎಸಿ ಹಾಕಿ ಗ್ಲಾಸ್ ಏರಿಸಿದ್ದರು. ಮಾಗಡಿ ರೋಡಿಗೆ ಇಳಿದೇಬಿಟ್ಟರು. ನಾನು ಓಡಿದೆ, ಮೇಸ್ತ್ರಿ ಓಡಿದರು, ಸೆರಗು ಸಿಕ್ಕಿಸಿಕೊಂಡ ಅಕ್ಕ ನಮ್ಮಿಬ್ಬರನ್ನೂ ದಾಟಿ ಓಡಿದರು. ಹಿಂದೆ ಬಂದ ಬಸ್ಸು ಕೀಚ್ ಅಂತ ಬ್ರೇಕ್ ಹೊಡೀತು. ತಿರುವಲ್ಲಿ ಮಷಿನ್ ಪಕ್ಕಕ್ಕೆ ಜಾರಿತು. ಹೂವಿನವಳು ಬುಟ್ಟಿ ಎತ್ಕೊಂಡು ಹಾರಿದಳು. ಗಾಡಿ ಕಣ್ಮರೆ. ಇನ್ನು ಯಾರ ಕಾಲಿಗೆ, ಯಾವ ಬೈಕಿಗೆ ಹೊಡೆಯುತ್ತೋ ಅಂತ ಕತ್ತು ಉದ್ದ ಮಾಡಿ ನೋಡಿದೆ. ಅಕ್ಕ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದರು.

ಸ್ವಲ್ಪ ಹೊತ್ತಿಗೆ ಎದುರು ಕಡೆಯಿಂದ ಯೂ-ಟರ್ನ್ ಹೊಡೆದು ಅದೇ ಕಾರು ಬಂತು. ಒಂದು ಚಕ್ರ ಕಳಕೊಂಡ ಬ್ಲೋವರ್ ಕುಂಟುತ್ತಾ ಹಿಂದೆಯೇ ಇತ್ತು. ಸದ್ಯ, ಯಾರಿಗೂ ಏನೂ ಆಗಿರಲಿಲ್ಲ.

ಸಾಹೇಬರು ಗ್ಲಾಸ್ ಇಳಿಸಿದರು. ಮುಖ ಕೆಂಪಗಿತ್ತು.

"ಏನ್ರೀ ಸರ್ವೀಸ್ ಮಾಡಿದೀರಾ? ಗಾಡಿ ಎಳೀತಾನೇ ಇಲ್ಲ!"