ಆಷಾಢದಲ್ಲಿ ಗಟ್ಟಿಯಾಗುವ ಎಣ್ಣೆ

ನಮ್ಮ ಕಾರ್ಖಾನೆಯಲ್ಲಿ ನಗುವಂಥದ್ದು ಏನಾದರೊಂದು ನಡೆಯದ ವಾರವೇ ಇಲ್ಲ. ನಡೆಯುವಾಗ ನಗು ಬರುವುದಿಲ್ಲ, ಮನೆಗೆ ಹೋಗಿ ಹೇಳುವಾಗ ಬರುತ್ತದೆ. ಈಗಿನ ತೊಂದರೆ ಏನೆಂದರೆ, ಕೇಳಿ ನಗಬೇಕಾದವಳು ಮನೆಯಲ್ಲಿಲ್ಲ. ಮದುವೆಯಾದ ಮೇಲೆ ಬಂದ ಮೊದಲ ಆಷಾಢ. ಹೆಂಡತಿ ಹಳ್ಳಿಮೈಸೂರಿನ ತವರಿನಲ್ಲಿ, ನಾನು ದುದ್ದದಲ್ಲಿ ಅವ್ವನ ಎದುರು ಕೂತು ಮುದ್ದೆ ಮುರಿಯುತ್ತಿದ್ದೇನೆ. ಅವ್ವನಿಗೆ ಏನಾದರೂ ಹೇಳಹೋದರೆ ಉಣ್ಣುವಾಗ ಮಾತಾಡಬೇಡ ಅನ್ನುತ್ತಾಳೆ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಮೊದಲು ಕೆಲಸದ ವಿಷಯ. ಹಾಸನದ ಹೊರಗೆ ನಮ್ಮದೊಂದು ಸಣ್ಣ ಆಯುರ್ವೇದ ಔಷಧಿ ಕಾರ್ಖಾನೆ. ಸರ್ಕಾರದ ಲೈಸೆನ್ಸ್ ಪಡೆದು ಭಂಗಿ ಸೊಪ್ಪಿನಿಂದ, ಅಂದರೆ ಗಾಂಜಾ ಗಿಡದ ಎಲೆಯಿಂದ, ನೋವಿನ ಔಷಧಿಗೆ ಎಣ್ಣೆ ತೆಗೆಯುತ್ತೇವೆ. ಗಾಣ ಇಲ್ಲ. ಸೋಡಾದಲ್ಲಿ ಗುಳ್ಳೆ ಏಳಿಸುವ ಕಾರ್ಬನ್ ಡೈಆಕ್ಸೈಡನ್ನೇ ಉಕ್ಕಿನ ಸಿಲಿಂಡರಿನೊಳಗೆ ಅದುಮಿ ಅದುಮಿ ಒಣಸೊಪ್ಪಿನ ಮೂಲಕ ಹರಿಸುತ್ತೇವೆ. ಅದು ಎಣ್ಣೆಯನ್ನು ಎಳೆದುಕೊಂಡು ಬಂದು, ಒತ್ತಡ ಬಿಟ್ಟ ಕೂಡಲೇ ತಾನು ಗಾಳಿಯಾಗಿ ಹೋಗಿಬಿಡುತ್ತದೆ. ಎಣ್ಣೆ ಉಳಿಯುತ್ತದೆ, ಜೊತೆಗೆ ಎಲೆಯ ಮೇಣವೂ ಉಳಿಯುತ್ತದೆ. ಆ ಮೇಣದ ದೆಸೆಯಿಂದ ಎಣ್ಣೆ ಬೆಳಿಗ್ಗೆ ಕಲ್ಲು, ಮಧ್ಯಾಹ್ನ ಅಂಟು. ಅದನ್ನು ಡ್ರಾಪರ್‌ನಿಂದ ತೊಟ್ಟು ತೊಟ್ಟಾಗಿ ಬೀಳುವ ಹದಕ್ಕೆ ತರುವುದು ನನ್ನ ಕೆಲಸ. ಹದ ಅನ್ನುವುದು ಸಣ್ಣ ಪದ ಅನ್ನಿಸುತ್ತದೆ, ಹುಡುಕಲು ಹೊರಟರೆ ಅದರ ಕಷ್ಟ ಗೊತ್ತಾಗುತ್ತದೆ.

ಕೈ ಮುಗಿದ ಮಾಲೀಕರು

ನಮ್ಮ ಮಾಲೀಕರದು ತಲೆತಲಾಂತರದಿಂದ ಬೆಲ್ಲದ ವ್ಯಾಪಾರದ ಮನೆತನ. ಹದ ಅಳೆಯುವ ಯಂತ್ರ ಕೊಡಿಸಿದವರೂ ಅವರೇ, ಅದನ್ನು ನಂಬದವರೂ ಅವರೇ. ಆಲೆಮನೆಯಲ್ಲಿ ಪಾಕ ನೋಡುವ ಹಾಗೆ ತಣ್ಣೀರಿನ ಬಟ್ಟಲಿಗೆ ಎಣ್ಣೆ ಬಿಟ್ಟು, ಎತ್ತಿ, ಅಂಗೈಯಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಬೆಲ್ಲವಾದರೆ ತೊಳೆದರೆ ಹೋಗುತ್ತದೆ, ಇದು ಹೋಗುವುದಿಲ್ಲ ಸಾ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು.

ಒಂದು ದಿನ ಎರಡೂ ಅಂಗೈಯ ನಡುವೆ ಉಂಡೆ ಹೊಸೆಯುತ್ತಿದ್ದಾಗ ತನಿಖೆಗೆ ಅಧಿಕಾರಿಯೊಬ್ಬರು ಬಂದರು. ಮಾಲೀಕರು ಎದ್ದು ನಮಸ್ಕಾರ ಮಾಡಿದರು. ಮಾಡಿದ ನಮಸ್ಕಾರ ಮತ್ತೆ ಬಿಡಲಿಲ್ಲ. ಅಧಿಕಾರಿ ಕೂತರು, ಇವರು ಕೈ ಮುಗಿದುಕೊಂಡೇ ನಿಂತರು. ಕಡತ ಕೇಳಿದರೆ ಮುಗಿದ ಕೈಯಲ್ಲೇ ಬೀರು ತೋರಿಸಿದರು. ಕಾಫಿ ಬಂದರೆ ಇವತ್ತು ಉಪವಾಸ ಅಂದರು. ಅಧಿಕಾರಿ ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, "ನನ್ನ ಸರ್ವೀಸಲ್ಲಿ ಇಷ್ಟು ವಿನಯ ಇರೋ ಮಾಲೀಕರನ್ನ ನೋಡಿಲ್ಲ ಕಣ್ರೀ" ಅಂದರು. ಅವರ ಜೀಪು ಗೇಟು ದಾಟಿದ ಮೇಲೆ ಸ್ಪಿರಿಟ್ ಹಾಕಿ ಆ ವಿನಯವನ್ನು ಬಿಡಿಸಿದೆ.

ಮಂಡಿ ನೋವು

ಆಗಿನ್ನೂ ನನಗೆ ಹೆಣ್ಣು ಹುಡುಕುತ್ತಿದ್ದರು. ತೋಟ ಇದೆ, ಹಸು ಇದೆ, ಸಂಬಳವೂ ಇದೆ. ಆದರೆ ಏನು ಕೆಲಸ ಅನ್ನುವ ಕಡೆಗೆ ಮಾತು ಬಂದರೆ ಎಲ್ಲ ಮುಗಿಯಿತು. ಔಷಧಿ ಕಂಪನಿ ಅಂತಷ್ಟೇ ಹೇಳು ಅಂತ ಅವ್ವ ದಾರಿಯುದ್ದಕ್ಕೂ ಹೇಳಿಕೊಟ್ಟಿರುತ್ತಿದ್ದಳು. ಯಾವ ಔಷಧಿ ಅಂತ ಕೇಳಿದರೆ ಏನು ಹೇಳಬೇಕು ಅಂತ ಮಾತ್ರ ಹೇಳಿಕೊಟ್ಟಿರುತ್ತಿರಲಿಲ್ಲ.

ಚನ್ನರಾಯಪಟ್ಟಣದ ಒಂದು ಮನೆಯಲ್ಲಿ ನಾನು ನಿಜ ಹೇಳಿದ ಮೇಲೆ, ನನ್ನ ಮುಂದಿಟ್ಟಿದ್ದ ಕೇಸರಿಬಾತಿನ ತಟ್ಟೆಯನ್ನು ಹುಡುಗಿಯ ತಾಯಿ ಬಿಸಿ ಮಾಡಿ ತರುತ್ತೇನೆಂದು ಒಳಗೆ ತೆಗೆದುಕೊಂಡು ಹೋದರು. ತಟ್ಟೆ ವಾಪಸು ಬರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಸಪ್ಪಗೆ ನಿಂತಿದ್ದಾಗ ಆ ಮನೆಯ ಅಜ್ಜ ಕೋಲೂರಿಕೊಂಡು ಹಿಂದೆಯೇ ಬಂದರು. ಮನಸ್ಸು ಬದಲಾಯಿತೇನೋ ಅಂತ ಅವ್ವನ ಮುಖ ಅರಳಿತು. ಅಜ್ಜ ನನ್ನ ಕೈ ಹಿಡಿದುಕೊಂಡು ಹೇಳಿದರು: "ಎಣ್ಣು ಕೊಡಕ್ಕೆ ಆಗಕಿಲ್ಲ ಕಣಪ್ಪ, ಬ್ಯಾಸ್ರ ಮಾಡ್ಕಬ್ಯಾಡ. ಮಂಡಿ ನೋವ್ಗೆ ಒಂದ್ ಸೀಸೆ ಸಿಕ್ಕೀತಾ?"

ಹಳ್ಳಿಮೈಸೂರಿನ ಪ್ರಶ್ನೆ

ನನ್ನ ಹೆಂಡತಿ ಹೊಳೆನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಹಳ್ಳಿಮೈಸೂರಿಗೆ ಹೆಣ್ಣು ನೋಡಲು ಹೋದಾಗ, ಹುಡುಗ ಹುಡುಗಿ ಸ್ವಲ್ಪ ಮಾತಾಡಿಕೊಳ್ಳಲಿ ಅಂತ ನಮ್ಮಿಬ್ಬರನ್ನೂ ಕೊಟ್ಟಿಗೆಯ ಪಕ್ಕ ನಿಲ್ಲಿಸಿ, ಎರಡೂ ಕಡೆಯವರು ದೂರದ ಕಿಟಕಿಯಿಂದ ಇಣುಕಿದರು. ಗಟ್ಟಿಯಾಗುವ ಎಣ್ಣೆಯನ್ನು ಹದಕ್ಕೆ ತರುವುದು ನನ್ನ ಕೆಲಸ ಅಂದರೆ, ಬೇರೆ ಹೆಣ್ಣುಗಳೆಲ್ಲ ಅದರಿಂದ ಅಮಲೇರುತ್ತಾ ಅಂತ ಕೇಳಿದ್ದರು. ಇವಳು ಕೇಳಿದ್ದು, "ಅದು ಯಾಕೆ ಗಟ್ಟಿಯಾಗುತ್ತೆ?"

ಅಷ್ಟು ವರ್ಷದಲ್ಲಿ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. ಒತ್ತಡ ಹೆಚ್ಚಾದರೆ ಮೇಣ ಜಾಸ್ತಿ ಬರುತ್ತದೆ, ಕಡಿಮೆ ಮಾಡಿದರೆ ಎಣ್ಣೆಯೇ ಬರುವುದಿಲ್ಲ, ಬಂದದ್ದನ್ನು ಸ್ಪಿರಿಟಿನಲ್ಲಿ ಕರಗಿಸಿ ಫ್ರೀಜರಿನಲ್ಲಿಟ್ಟರೆ ಮೇಣ ಬೇರೆಯಾಗುತ್ತದೆ, ಅದನ್ನು ಸೋಸಬೇಕು ಅಂತ ನಾನು ಹೇಳುತ್ತಲೇ ಹೋದೆ. ಅವಳು ಕೇಳುತ್ತಲೇ ನಿಂತಳು. ಒಳಗಿನಿಂದ ಅವ್ವ ಎರಡು ಸಲ ಕೆಮ್ಮಿದಳು. ವಾಪಸು ಬರುವಾಗ ಹುಡುಗಿಗೆ ಅಡುಗೆ ಬರುತ್ತಾ, ಏನು ಓದಿದ್ದಾಳೆ, ಒಪ್ಪಿಗೆ ಇದೆಯಾ ಅಂತ ಅವ್ವ ಕೇಳಿದರೆ ನನಗೆ ಒಂದೂ ಗೊತ್ತಿರಲಿಲ್ಲ. ಆ ಕಡೆ ಅವಳ ತಾಯಿ, ಹುಡುಗ ಏನು ಮಾತಾಡಿದ ಅಂತ ಕೇಳಿದರಂತೆ. ಇವಳು ಹೇಳಿದ್ದು: "ಗಟ್ಟಿಯಾಗೋದು ಎಣ್ಣೆ ತಪ್ಪಲ್ಲಂತೆ ಕಣವ್ವ."

ತಿಳಿಸುತ್ತೇವೆ ಅಂದವರು ಬಹಳ ದಿನ ತಿಳಿಸಲಿಲ್ಲ. ಆ ದಿನಗಳಲ್ಲಿ ನಮ್ಮ ಮನೆಯ ಕೊಟ್ಟಿಗೆಯ ಸಗಣಿ ವಾಸನೆಯೂ ನನಗೆ ಪ್ರೀತಿ ಬರಿಸುತ್ತಿತ್ತು.

ಸೋದರಮಾವನ ನಿದ್ದೆ

ಕೊನೆಗೆ ಗಂಡಿನ ಮನೆ ನೋಡಲು ಅವಳ ತಂದೆ ಬಂದರು. ಜೊತೆಗೆ ಅರಕಲಗೂಡಿನಿಂದ ಅವಳ ಸೋದರಮಾವ. ತಂದೆಯದು ಮಾತು ಕಡಿಮೆ, ಸೋದರಮಾವನದು ಮಾತೇ ಮಾತು. ಅವ್ವ ನಾಟಿಕೋಳಿ ಸಾರು, ಮುದ್ದೆ ಮಾಡಿದ್ದಳು. ಸೋದರಮಾವ ಬೇಡ ಬೇಡ ಅನ್ನುತ್ತಲೇ ಹಾಕಿಸಿಕೊಂಡು ಉಂಡರು. ಆಮೇಲೆ ಕಾರ್ಖಾನೆಯನ್ನೂ ನೋಡಲೇಬೇಕೆಂದು ಹಟ ಹಿಡಿದರು. ಅಲ್ಲಿ ಸೀಸೆ ತೆಗೆದು ಒಂದು ಸಲ ಮೂಸಿ, ಕುರ್ಚಿಗೆ ಒರಗಿದವರು ಗೊರಕೆ ಹೊಡೆಯತೊಡಗಿದರು. ಸಂಜೆ ಎದ್ದು, ಇದು ಮೂಸಿದರೇ ಮನುಷ್ಯ ಬೀಳುವ ಮಾಲು, ಈ ಸಂಬಂಧ ಬೇಡವೇ ಬೇಡ ಎಂದು ತೀರ್ಪು ಕೊಟ್ಟರು.

ಅವಳ ತಂದೆ ನಿಧಾನಕ್ಕೆ ಕೇಳಿದರು: "ನಿಮ್ಮನೇಲಿ ದಿನಾ ಉಂಡ್ಮೇಲೆ ಒತ್ತು ಮುಳುಗೋಗಂಟ ಮಲಗ್ತೀಯಲ್ಲ ಬಾಮೈದ, ಅಲ್ಲಿ ಯಾವ ಎಣ್ಣೆ ಮೂಸ್ತೀಯ?"

ವೈಶಾಖದಲ್ಲಿ ಮದುವೆ ಆಯಿತು.

ಹೊಸಿಲಿನ ಆಚೆ ಈಚೆ

ಸಂಸಾರ ಹದಕ್ಕೆ ಬರುವಷ್ಟರಲ್ಲಿ ಆಷಾಢ ಬಂತು. ಹೊಸ ಸೊಸೆ ಅತ್ತೆಯ ಜೊತೆ ಇರಬಾರದು, ಅತ್ತೆ ಅಳಿಯ ಒಂದೇ ಹೊಸಿಲು ದಾಟಬಾರದು, ಹೊಸದಾಗಿ ಮದುವೆಯಾದವರು ಒಬ್ಬರ ಮುಖ ಒಬ್ಬರು ನೋಡಬಾರದು. ಶಾಲೆಯ ಹತ್ತಿರ ಬರಲೇ ಅಂದರೆ, ಮಕ್ಕಳ ಎದುರು ಮಾನ ಹೋಗುತ್ತದೆ ಅಂದಳು. ಗಾಳಿ ಹಗಲೂ ರಾತ್ರಿ ಬೀಸುತ್ತದೆ, ಹಾಸಿಗೆ ಅಗಲವಾಗಿದೆ. ಅವಳು ನೆನಪಾಗದ ಹೊತ್ತೇ ಇಲ್ಲ ಅಂತ ಹೇಳಲು ನನಗೇನೂ ನಾಚಿಕೆ ಇಲ್ಲ.

ಚಳಿಗೆ ಎಣ್ಣೆಯೂ ಗಟ್ಟಿಯಾಗಿ ಸೀಸೆಗಳು ಅಂಗಡಿಗಳಿಂದ ವಾಪಸು ಬರತೊಡಗಿದವು. ಮನೆಗಳಲ್ಲಿ ಅದು ಹೇಗಿರುತ್ತದೆ ಅಂತ ನೋಡಬೇಕು ಅಂದರು ಮಾಲೀಕರು. ಅವರು ಹೇಳಿದ್ದು ಹಾಸನದ ಮನೆಗಳನ್ನು. ನಾನು ಭಾನುವಾರ ಒಂದು ಸೀಸೆ ಜೇಬಿಗೆ ಹಾಕಿಕೊಂಡು ಹಳ್ಳಿಮೈಸೂರಿನ ಬಸ್ಸು ಹತ್ತಿದೆ.

ಅತ್ತೆ ಬಾಗಿಲಲ್ಲೇ ತಡೆದರು. ನನಗೆ ಹೊರಗಿನ ಜಗಲಿ, ಅವಳಿಗೆ ಒಳಗಿನ ಅಡುಗೆಮನೆ. ಔಷಧಿಯ ವಿಷಯ, ಟೀಚರ್ ನೋಡಲೇಬೇಕು ಅಂದೆ. ಮಾವ, ಅಂದರೆ ಅವಳ ತಂದೆ, ಸೀಸೆ ತೆಗೆದುಕೊಂಡು ಒಳಗೆ ಹೋದರು. ಒಲೆಯ ಮುಂದೆ ಕೂತಿದ್ದವಳು ಬಗ್ಗಿಸಿ ನೋಡಿ, ನೀರಾಗಿದೆ, ಮೇಣ ಜಾಸ್ತಿ ತೆಗೆದಿದ್ದೀರಿ ಅಂತ ಕೂಗಿದಳು. ಸೀಸೆ ಹೊರಗೆ ಬಂತು. ಗಾಳಿಗೆ ಸ್ವಲ್ಪ ಹೊತ್ತು ಹಿಡಿದರೆ ಕದಲಲಿಲ್ಲ. ಇಲ್ಲ, ಗಟ್ಟಿಯಾಗಿದೆ ಅಂತ ನಾನು ಕೂಗಿದೆ. ಮತ್ತೆ ಒಳಗೆ ಹೋಯಿತು, ಮತ್ತೆ ಹೊರಗೆ ಬಂತು. ಸೀಸೆ ಪ್ರತಿ ಸಲವೂ ಅವಳ ಅಂಗೈಯ ಬಿಸಿಯನ್ನು ತರುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಹದ ಬೇಕಿರಲಿಲ್ಲ, ಅದು ಬೇಕಿತ್ತು. ಬೇಕೆಂದೇ ಗಟ್ಟಿಯಾಗಿದೆ ಗಟ್ಟಿಯಾಗಿದೆ ಅಂತ ವಾಪಸು ಕಳಿಸುತ್ತಿದ್ದೆ. ಅವಳೂ ಯಾಕೋ ಒಪ್ಪುತ್ತಿರಲಿಲ್ಲ.

ಓಡಾಡಿ ಓಡಾಡಿ ಸುಸ್ತಾದ ಮಾವ ಕೊನೆಗೆ ಬರಿಗೈಯಲ್ಲಿ ಬಂದು ಜಗಲಿಯ ಮೇಲೆ ಕೂತರು. ಟವಲಿನಿಂದ ಮುಖ ಒರೆಸಿಕೊಂಡು ಹೇಳಿದರು:

"ನೋಡಿ ಅಳಿಯಂದ್ರೇ, ಒಳಗ್ ಓದ್ರೆ ನೀರು, ಈಚಿಗ್ ಬಂದ್ರೆ ಕಲ್ಲು. ನೀವಿಬ್ರೂ ಒಂದೇ ಕಡೆ ಕೂತ್ ನೋಡಗಂಟ ಇದ್ರ ಅದ ಯಾರ್ಗೂ ಗೊತ್ತಾಗಕಿಲ್ಲ. ಸೀಸೆ ಇಲ್ಲೇ ಇರ್ಲಿ ಅಂತಾಳೆ ಮಗ್ಳು, ಅದುಕ್ಕೇನ್ ಆಷಾಢ ಇಲ್ಲ. ನೀವು ಬಸ್ ಇಡೀರಿ."