ಮೂವತ್ತೇಳನೇ ಸಾಲು

ಭಾನುವಾರ ಮಧ್ಯಾಹ್ನ ಎರಡು ಗಂಟೆ ಹದಿನೇಳು ನಿಮಿಷಕ್ಕೆ ನಾನೊಂದು ಗುಂಡಿ ಒತ್ತಿದೆ. ಹೊತ್ತು ಇಷ್ಟು ಕರಾರುವಾಕ್ಕಾಗಿ ನೆನಪಿರುವುದು ಜಾಣತನದಿಂದಲ್ಲ. ಒತ್ತಿದ ಮೇಲೆ ನನ್ನ ಕಣ್ಣು ಪರದೆಯ ಮೂಲೆಯ ಗಡಿಯಾರದ ಮೇಲೆ ನೆಟ್ಟು ಅಲ್ಲೇ ನಿಂತುಬಿಟ್ಟಿತ್ತು. ಚಾಮರಾಜನಗರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು ನಾನು. ಗೊತ್ತಿಲ್ಲದ್ದನ್ನು ಮುಟ್ಟಬೇಡಿ ಎಂಬುದು ಪ್ರಯೋಗಶಾಲೆಯಲ್ಲಿ ನನ್ನ ಮೊದಲ ಪಾಠ.

ಭೀಮನಬೀಡಿನ ನನ್ನ ಅಕ್ಕನ ಬಳಿ ಹಳೇ ಕ್ಯಾಮೆರಾದ ಮೆಮೊರಿ ಕಾರ್ಡೊಂದಿತ್ತು. ತೀರಿಕೊಂಡ ಭಾವನ ದನಿ ಉಳಿದಿದ್ದು ಲೋಕದಲ್ಲಿ ಅದೊಂದರಲ್ಲೇ. ಕ್ಯಾಮೆರಾ ಕೆಟ್ಟು, ಅದರ ಕಂಪನಿಯೂ ಮುಚ್ಚಿ, ಆ ಕಾರ್ಡು ಕೂರಿಸಿ ಓದುವ ರೀಡರ್ ಎಂಬ ಪುಟ್ಟ ಪೆಟ್ಟಿಗೆ ಒಂದೇ ಉಳಿದಿತ್ತು. ರೀಡರಿನ ಭಾಷೆ ನಮ್ಮ ಕಂಪ್ಯೂಟರಿಗೆ ತಿಳಿಯದು. ತಿಳಿಸುವ ಕೈಪಿಡಿ ಎಲ್ಲೂ ಇಲ್ಲ. ಅಕ್ಕ ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ ಬಂದು, ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದ ಕಾರ್ಡನ್ನು ಸೆರಗಿನ ಗಂಟಿನಿಂದ ಬಿಚ್ಚಿ, "ಅವ್ರು ಮಾತಾಡೋದ್ನ ಒಂದ್ಸಲ ಕೇಳ್ಬುಟ್ಟು ಓಯ್ತೀನಿ ಕಣಮ್ಮಿ" ಎಂದು ನನ್ನ ಹೆಂಡತಿ ರಾಜಿಯ ಕೈಗಿಟ್ಟಳು.

ರಾಜಿ ಬದನಗುಪ್ಪೆಯ ಕಾರ್ಖಾನೆಯಲ್ಲಿ ಯಂತ್ರಗಳ ಬೋರ್ಡು ರಿಪೇರಿ ಮಾಡುವವಳು. ರೀಡರಿನ ಮಾತನ್ನು ಕಂಪ್ಯೂಟರಿಗೆ ತಿಳಿಸುವ ಡ್ರೈವರ್ ಪ್ರೋಗ್ರಾಮನ್ನು ತಾನೇ ಬರೆಯಲು ಕೂತಳು. ಆ ಬೆರಗು ನನಗಿನ್ನೂ ಇಳಿದಿಲ್ಲ. ಮೂಕ ಪೆಟ್ಟಿಗೆಗೆ ಒಂದೊಂದೇ ಅಂಕಿ ಕಳಿಸುವಳು, ಅದು ಏನೋ ಉತ್ತರ ಕೊಡುವುದು, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವಳು. "ಇದು ಕಾರ್ಡ್ ಇದೆಯಾ ಅಂತ ಕೇಳೋದು, ಇದು ಅದರ ಅಳತೆ..." ಭಾಷೆ ಬಾರದ ಊರಿಗೆ ಸೊಸೆಯಾಗಿ ಬಂದವಳು ಅತ್ತೆಯ ಮುಖ ನೋಡಿ ನೋಡಿ ಮಾತು ಕಲಿಯುವ ಹಾಗೆ.

ನೋಟ್‌ಬುಕ್ಕಿನಲ್ಲಿ ಅಂಕಿಗೊಂದರಂತೆ ಮೂವತ್ತಾರು ಸಾಲು ತುಂಬಿದ್ದವು. ಮೂವತ್ತೇಳು ಖಾಲಿ. ಮೂವತ್ತೆಂಟು ಮತ್ತೆ ಭರ್ತಿ. ಬಿಟ್ಟ ಸ್ಥಳ ಕಂಡರೆ ಮೇಷ್ಟ್ರ ಕೈ ಸುಮ್ಮನಿರುತ್ತದೆಯೇ? ರಾಜಿ ಅಕ್ಕನಿಗೆ ಬಡಿಸಲು ಎದ್ದಾಗ, ಕಾರ್ಡು ಒಳಗಿರುವಾಗಲೇ, ಗುಂಡಿ ಒತ್ತಿ ಮೂವತ್ತೇಳನ್ನು ಕಳಿಸಿಬಿಟ್ಟೆ. ರೀಡರಿನ ಕೆಂಪು ದೀಪ ಪಟಪಟ ಮಿಟುಕಿ ನಿಂತಿತು.

ಸಾರಿನ ಸೌಟು ಹಿಡಿದೇ ಬಂದ ರಾಜಿ ಪರದೆ ನೋಡಿ ಬಿಳಿಚಿಕೊಂಡಳು. "ಏನ್ರೀ ಮಾಡಿದ್ರಿ? ಅದು ಎಲ್ಲಾ ಅಳಿಸೋ ಅಂಕಿ ಇರ್ಬೋದು ಅಂತ್ಲೇ ನಾನು ಬಿಟ್ಟಿದ್ದು!"

ಅಡುಗೆಮನೆಯಿಂದ ಅಕ್ಕ ಕೂಗಿದಳು: "ಬಂದ್ರೇನ್ಲಾ ನಿಮ್ ಭಾವ?"

"ಬತ್ತಾವ್ರೆ ಕಣಕ್ಕ" ಎಂದೆ. ನನ್ನ ಗಂಟಲಿನಿಂದ ಅಷ್ಟು ಸಣ್ಣ ದನಿ ಹೊರಟಿದ್ದು ಅದೇ ಮೊದಲು.

ಕಾರ್ಡು ಓದುವ ಭಾಗ ಬರೆದು ಮುಗಿಸಲು ರಾಜಿಗೆ ಇನ್ನೆರಡು ದಿನ ಹಿಡಿಯಿತು. ಅಲ್ಲಿಯವರೆಗೆ ನಮ್ಮಿಬ್ಬರಿಗೂ ನಿದ್ದೆಯಿಲ್ಲ. ರೆಪ್ಪೆ ಮುಚ್ಚಿದರೆ ಕೆಂಪು ದೀಪ. ಗೊರಕೆ ಹೊಡೆದವಳು ಅಕ್ಕ ಒಬ್ಬಳೇ.

ಮಂಗಳವಾರ ಸಂಜೆ ಕಾರ್ಡನ್ನು ಮತ್ತೆ ತೂರಿಸುವ ಮುಂಚೆ ರಾಜಿ ಅದನ್ನು ತಿರುಗಿಸಿ ನೋಡಿದವಳು ಹಾಗೇ ಕುರ್ಚಿಗೆ ಒರಗಿ ನಕ್ಕಳು. ಕುಂಕುಮ ಹಚ್ಚುವಾಗ ಅಕ್ಕನ ಹೆಬ್ಬೆರಳು ಕಾರ್ಡಿನ ಅಂಚಿನ ಪುಟ್ಟ ಬೀಗದ ಕಡ್ಡಿಯನ್ನು ಸರಿಸಿ ಬೀಗ ಬೀಳಿಸಿತ್ತು. ಕುಂಕುಮ ಅದರ ಸಂದಿಯಲ್ಲೇ ಗಟ್ಟಿಯಾಗಿ ಕೂತಿತ್ತು. ಬೀಗ ಬಿದ್ದ ಕಾರ್ಡನ್ನು ರೀಡರ್ ಓದುತ್ತದೆ, ಅಳಿಸುವುದಿಲ್ಲ.

ಪರದೆಯ ಮೇಲೆ ಅರಿಶಿನದ ಹೊಲ, ಹೆಗಲಿಗೆ ಟವೆಲು ಹಾಕಿದ ಭಾವ. ಅವತ್ತು ಕ್ಯಾಮೆರಾ ಹಿಡಿದಿದ್ದವನು ನಾನೇ. ಭಾವ ನೇರ ನನ್ನತ್ತ ಬೆರಳು ಮಾಡಿ, "ಏ ಮೇಷ್ಟ್ರು, ಗೊತ್ತಿಲ್ದಿದ್ ಗುಂಡಿ ಮುಟ್ಬ್ಯಾಡ ಕಣ್ಲಾ, ಎಲ್ಲಾ ಅಳ್ಸೋಗ್ಬುಟ್ಟಾತು!" ಎಂದರು.

ಅಕ್ಕ ಸೆರಗು ಬಾಯಿಗೊತ್ತಿ ನಕ್ಕಳು, ಅತ್ತಳು, "ಇನ್ನೊಂದ್ಸಲ ಆಕಮ್ಮಿ" ಎಂದಳು. ಹನ್ನೊಂದು ಸಲ ಹಾಕಿದೆವು. ಹನ್ನೊಂದು ಸಲವೂ ಭಾವ ನನ್ನನ್ನೇ ಬೈದರು.

ಆ ಮಂಗಳವಾರ ಮನೆಯವರೆಲ್ಲ ಬೆಳಗಿನವರೆಗೂ ಎಚ್ಚರವಿಲ್ಲದೆ ಮಲಗಿದೆವು. ಮಲಗುವ ಮುಂಚೆ ರಾಜಿ ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿದ್ದಳೆಂದು ನನಗೆ ಗೊತ್ತಾಗಿದ್ದು ಎದ್ದ ಮೇಲೆ.